ಗಂಡಸು ಹಾಡಿದ ಜೋಗುಳ

"ಗಂಡ ಬಿಟ್ಟಾಕಿ ಖಾನಾವಳಿ ನಡೆಸ್ತಾಳಂತ, ನೋಡೂಣು!" ಎಂದು ಲಿಂಗಸುಗೂರಿನಲ್ಲಿ ನಮ್ಮ ಅತ್ತಿಗೆ ನಕ್ಕಿದ್ದಳು. ಎಳೆಗೂಸನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದು, ಕಾಲುವೆ ಕೆಲಸದವರಿಗೆ ಅಡುಗೆ ಮಾಡಿ ಹಾಕತೊಡಗಿದೆ.

ಊಟಕ್ಕೆ ಬರುತ್ತಿದ್ದ ಮುದಗಲ್ಲಿನ ಓವರ್‌ಸಿಯರ್ ಅಂತೋಣಪ್ಪ ಕ್ರಿಸ್‌ಮಸ್ ದಿನ ತಮ್ಮ ಗ್ರಾಮಫೋನು ತಂದು ಕಟ್ಟೆಯ ಮೇಲಿಟ್ಟರು. ಹಾಡಿನ ಪ್ಲೇಟು ಹಚ್ಚಿದೊಡನೆ ವಿಲಾಯಿತಿಯ ಗಂಡುದನಿಯೊಂದು ಏರುತ್ತ ಹೋಯಿತು. ಎದೆ ಕಿತ್ತು ಬರುವ ಹಾಗೆ ಗಂಡಸರು ಹಾಡುವುದನ್ನು ನಾನು ಕೇಳಿದ್ದು ಮೊಹರಂನ ಶೋಕದ ಪದಗಳಲ್ಲಿ ಮಾತ್ರ. ಹಂಚಿನ ಮೇಲಿದ್ದ ರೊಟ್ಟಿ ಮರೆತೇಹೋಯಿತು.

"ಯಾರು ಸತ್ತಾರ್ರೀ ಸಾಹೇಬ್ರ?"

"ಯಾರೂ ಸತ್ತಿಲ್ಲ ಅಕ್ಕಾರ. ದನದ ಕೊಟ್ಟಿಗ್ಯಾಗ ಕೂಸು ಹುಟ್ಟೈತಿ. ಅದಕ್ಕ ಜೋಗುಳ."

"ಗಂಡಸು ಜೋಗುಳ ಹಾಡ್ತಾನೇನ್ರೀ?"

"ಅಂವ ಒಪೇರಾ ಅಂತ ದೊಡ್ಡ ಹಾಡಿನ ನಾಟಕದಾಗ ರಾಜಾ ಪಾರ್ಟು ಹಾಕಾಂವ. ಕೂಸಿನ ಮುಂದ ಯಾವ ರಾಜಾ ಅಕ್ಕಾರ?"

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಹಾಡಲು ಯಾರೂ ಬಂದಿರಲಿಲ್ಲ. ಒಳಗೆ ಮಲಗಿದ್ದವಳನ್ನು ಎತ್ತಿ ತಂದು ತೊಡೆಯ ಮೇಲೆ ಹಾಕಿಕೊಂಡು ಕೂತೆ. "ಇನ್ನೊಮ್ಮೆ ಹಚ್ಚರಿ," ಎಂದೆ. ಅವರು ನನ್ನ ಮುಖ ನೋಡದೆ ಕೀಲಿ ಕೊಟ್ಟರು.

ಈಗ ಖಾನಾವಳಿ ನನ್ನ ಸ್ವಂತದ್ದು. ಅಂತೋಣಪ್ಪನವರಿಗೆ ವರ್ಗವಾದಾಗ ಅವರಿಂದ ಕೊಂಡ ಆ ಗ್ರಾಮಫೋನು, ಆ ಪ್ಲೇಟು ಕೂಡ ನನ್ನವೇ. ಅವಕ್ಕೆ ತೆತ್ತದ್ದು ಕಾಲಿನ ಬೆಳ್ಳಿ ಕಡಗ, ಮತ್ತೆ ಅವತ್ತು ಕರಕಾದ ಒಂದು ರೊಟ್ಟಿ.