ಬಾಟಲಿಯಲ್ಲಿ ಗಟ್ಟಿಯಾದ ಘಮ

ಕಳೆದ ವರ್ಷದ ಒಂದು ಸಂಜೆ, ಸಿದ್ದಾಪುರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರ ವಾಸನೆ ಬೇಯಿಸುತ್ತಿದ್ದಳು. ಬೇರೆ ಹೇಗೆ ಹೇಳುವುದೋ ನನಗೆ ತಿಳಿಯದು. ನೀರಿಗೆ ಚೈನಾ ಗ್ರಾಸ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಿರಲೆಂದು ಉಪ್ಪು ಬೆರೆಸಿ, ನಿಂಬೆಯ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆ ಬಿಟ್ಟು ಖಾಲಿ ಉಪ್ಪಿನಕಾಯಿ ಬಾಟಲಿಗಳಿಗೆ ಸುರಿದಿಟ್ಟರೆ, ಆರಿದ ಮೇಲೆ ಹಲ್ವದಂತೆ ಗಟ್ಟಿಯಾಗುತ್ತದೆ. ಕಪಾಟಿನ ಮುಗ್ಗಲು ವಾಸನೆಗೆ ಅದು ಮದ್ದು. ಅಂದು ಅವಳು ಇನ್ನೇನನ್ನೋ ಸೇರಿಸಿದ್ದಳು, ಆವಿಯಲ್ಲಿ ನನಗೆ ಗುರುತು ಹತ್ತದ ಘಮವಿತ್ತು. ನೀನು ಎಂತ ಹಾಕಿದ್ದೆ ಎಂದು ಕೇಳಿದೆ.

"ನಾಳೆ ಕಪಾಟು ತೆಗೆದಾಗ ನಿಂಗಳ ಮೂಗೇ ಹೇಳ್ತು," ಎಂದಳು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿಲ್ಕುಂದದಿಂದ ಅಕ್ಕ ಬಂದಳು. ಸೀರೆ, ಹಾಸಿಗೆ ಎಲ್ಲವನ್ನೂ ಒಗೆಸಿದಳು. ನಾನು ಕಪಾಟು ತೆಗೆಯುವ ಹೊತ್ತಿಗೆ ಅಲ್ಲಿ ಬಾಟಲಿಗಳಿರಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಅವು ತೊಳೆಸಿಕೊಂಡು ಬೋರಲಾಗಿ ಒಣಗುತ್ತಿದ್ದವು.

"ಸಾವಿನ ಮನೇಲಿ ಹಿಂದೆ ಬೇಯ್ಸಿದ್ದು ಇಡ್ಲಾಗ ತಮಾ," ಎಂದಳು ಅಕ್ಕ.

ಅದು ತಿಂಬದಲ್ಲ ಎಂದೆ.

"ಒಲೆ ಮೇಲೆ ಕುದ್ದಿದ್ದಲ್ದಾ?"

ಅನ್ನ, ಸಾರಿನ ಜೊತೆ ನನ್ನ ಹೆಂಡತಿಯ ಕೊನೆಯ ಕೈಕೆಲಸವೂ ಗೊಬ್ಬರದ ಗುಂಡಿ ಸೇರಿತ್ತು. ತಾಯಿಯಂತೆ ಸಾಕಿದವಳ ಮೇಲೆ ಸಿಟ್ಟು ಮಾಡಬಾರದು ಎಂದು ನೆಂಟರು ಬುದ್ಧಿ ಹೇಳಿದರು. ಮಾಡಿದೆ. ಬುದ್ಧಿ ಹೇಳಿದವರ ಮೇಲೂ ಮಾಡಿದೆ. ಅವರಲ್ಲೊಬ್ಬರು ಶಿರಸಿ ಪೇಟೆಯಿಂದ 'ಕಾಡಿನ ತಂಗಾಳಿ' ಎಂದು ಬರೆದ ಸ್ಪ್ರೇ ತಂದು ಕೋಣೆ ತುಂಬ ಹೊಡೆದರು. ಸುತ್ತ ಕಾಡಿರುವ ಊರಿಗೆ ಕಾಡಿನ ಗಾಳಿಯನ್ನು ಡಬ್ಬಿಯಲ್ಲಿ ತುಂಬಿ ಮಾರುವವರಿಗೂ, ಅದನ್ನು ಹೆಂಡತಿ ಸತ್ತವನ ಕೋಣೆಗೆ ಹೊಡೆಯುವವರಿಗೂ ಸ್ವಲ್ಪವಾದರೂ ನಾಚಿಕೆ ಇರಬೇಕು.

ಭಾಷೆಯ ಮೇಲೂ ನನಗೆ ತಕರಾರಿದೆ. ಕೆಟ್ಟ ವಾಸನೆಗಾದರೆ ಮುಗ್ಗಲು, ಕಮಟು, ಘಾಟು ಎಂದು ಬೇಕಾದಷ್ಟು ಹೆಸರು. ಒಳ್ಳೆಯವಕ್ಕೆ ಮಾತ್ರ ಒಂದೊಂದಕ್ಕೂ ಸ್ವಂತ ಹೆಸರಿಲ್ಲ. ಸಂಪಿಗೆಯ ಪರಿಮಳ, ಏಲಕ್ಕಿಯ ಪರಿಮಳ ಎಂದು ಒಡೆಯರ ಹೆಸರಿನಿಂದಲೇ ಕರೆಯಬೇಕು. ಒಡೆಯ ಯಾರೆಂದು ತಿಳಿಯದಿದ್ದರೆ ಅಂಗಡಿಗೆ ಹೋಗಿ ಏನೆಂದು ಕೇಳುವುದು?

ಆದರೂ ಅವಳ ಬಾಟಲಿಯ ಘಮವನ್ನು ನಾನೇ ಮಾಡತೊಡಗಿದೆ. ಮೊದಲನೆಯದು ಚೆಂಡಿನಂತೆ ಪುಟಿಯಿತು. ಎರಡನೆಯದು ಗಟ್ಟಿಯಾಗಲೇ ಇಲ್ಲ. ಮೂರನೆಯದು ಹದಕ್ಕೆ ಬಂತು, ವಾಸನೆ ಮಾತ್ರ ಬೇರೆ. ಜಾಪತ್ರೆ ಹಾಕಿದೆ, ದಾಲ್ಚಿನ್ನಿ ಎಲೆ ಹಾಕಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಸುಮಿತ್ರ ಅನ್ನುತ್ತಿದ್ದಳು. ಬೇರೇನೂ ಅಲ್ಲಿ ನಿಲ್ಲದಿರುವುದಕ್ಕೆ ಬಹುಶಃ ಅದೇ ಕಾರಣ.

ಮೊನ್ನೆ ಅಕ್ಕ ಬಂದಳು. ಚೀಲದಿಂದ ಲಾವಂಚದ ಬೇರಿನ ಕಟ್ಟೊಂದನ್ನು ತೆಗೆದು ಒಲೆಯ ಪಕ್ಕ ಇಟ್ಟಳು.

"ಸಿಟ್ಟು ಹೋತಾ, ಇನ್ನೂ ಇದ್ದಾ?"

"ಇದ್ದು."

"ಇರ್ಲಿ. ಇದನ್ನ ಕುದ್ಸಿ ನೋಡು."

ಇಬ್ಬರೂ ಸೇರಿ ಕುದಿಸಿದೆವು. ಅವಳು ಸೋಸಿದಳು, ಪಾತ್ರೆಯನ್ನು ನಾನು ಹಿಡಿದುಕೊಂಡೆ. ಚೈನಾ ಗ್ರಾಸ್ ಬೆರೆಸಿ ಬಾಟಲಿಗೆ ಸುರಿದು ಕಪಾಟಿನಲ್ಲಿಟ್ಟೆವು. ಮರುದಿನ ಬೆಳಿಗ್ಗೆ ಕಪಾಟು ತೆರೆದಾಗ ಕೋಣೆಯೆಲ್ಲ ತಂಪಾದ ಪರಿಮಳ ಹರಡಿತು. ಅಕ್ಕ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಚೊಲೋ ಇದ್ದು ಎಂದೆ. ಸುಳ್ಳಲ್ಲ.

ಸುಮಿತ್ರ ಹಾಕಿದ್ದು ಅದರಲ್ಲಿರಲಿಲ್ಲ.