ತಿಕ್ಕಿ ತೊಳೆದ ಕಾವಲಿ

ಆ ಬೆಳಿಗ್ಗೆಯೂ ಆಯಿ, ಎಂದರೆ ನನ್ನಮ್ಮ, ಎರಕದ ಕಬ್ಬಿಣದ ಕಾವಲಿಗೆ ಬಾಳೆದಿಂಡಿನ ತುಂಡಿನಿಂದ ಎಣ್ಣೆ ಸವರಿ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಎರೆದಿದ್ದಳು. ಒಂದೊಂದೂ ಕಾಗದದಷ್ಟು ತೆಳ್ಳಗೆ ಎದ್ದು ಬಂದಿತ್ತು. ಮರುದಿನ ಅವಳಿರಲಿಲ್ಲ.

ಸೂತಕ ಕಳೆಯುವ ದಿನ ಮನೆ, ಪಾತ್ರೆ ಎಲ್ಲ ತೊಳೆದೆವು. ಯಲ್ಲಾಪುರದ ಚಿಕ್ಕಮ್ಮ ಹಿತ್ತಿಲಿನಿಂದ ಕಾವಲಿ ಹಿಡಿದು ಬಂದಳು. ಅದು ಬೆಳ್ಳಗೆ ಹೊಳೆಯುತ್ತಿತ್ತು.

“ಎಂತಾ ಕರಿ ಹಿಡದಿತ್ತೇ ಕೂಸೇ! ತಂತಿ ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ ಕೈಯೇ ಬಿದ್ದೋತು.”

“ಅದು ಕೊಳೆಯಲ್ಲ ಚಿಕ್ಕಮ್ಮಾ, ಆಯಿ ಮೂವತ್ತು ವರ್ಷ ಹಚ್ಚಿದ ಎಣ್ಣೆ!” ಎಂದು ಕೂಗಿಯೇಬಿಟ್ಟೆ. ನೆಂಟರೆಲ್ಲ ತಿರುಗಿ ನೋಡಿದರು.

ಬೇಜಾರಾಗಿ ಚಿಕ್ಕಮ್ಮ ಶಿರಸಿ ಪೇಟೆಯಿಂದ ನಾನ್‌ಸ್ಟಿಕ್ ತವಾ ತರಿಸಿಕೊಟ್ಟಳು. ನೀರಾದ ಹಿಟ್ಟು ಅದರ ಮೇಲೆ ನಿಲ್ಲದೆ ಜಾರಿ ಒಂದೆಡೆ ಸೇರಿ, ತೆಳ್ಳೇವು ದಪ್ಪ ದೋಸೆಯಾಯಿತು. ವರ್ಷ ತುಂಬುವುದರೊಳಗೆ ಕಪ್ಪು ಲೇಪ ಚಕ್ಕೆಯೆದ್ದು ದೋಸೆಗೆ ಹತ್ತತೊಡಗಿತು. ಇದನ್ನು ತಿನ್ನಬಹುದಂತೆ, ಬಳಸಿದಷ್ಟೂ ಹದವಾಗುವ ಆಯಿಯ ಕಪ್ಪು ಮಾತ್ರ ಕೊಳೆಯಂತೆ! ತವಾ ಎಸೆದೆ.

ಕಾವಲಿಗೆ ದಿನವೂ ಎಣ್ಣೆ ಹಚ್ಚಿ ಕಾಯಿಸಿದೆ. ಈಗ ತೆಳ್ಳೇವು ಹರಿಯದೆ ಏಳುತ್ತದೆ. ಆಯಿ ಹಚ್ಚಿದ ಎಣ್ಣೆ ಅದರಲ್ಲಿಲ್ಲ.