‘ಪರವಾಗಿಲ್ಲ’ ಅನ್ನಬೇಡಿ

ಬೇಲೂರಿನಲ್ಲಿ ಅಕ್ಯುಪಂಕ್ಚರ್ ಮಾಡುತ್ತಿದ್ದ ಆ ಡಾಕ್ಟರಮ್ಮನಿಗೆ ‘ಪರವಾಗಿಲ್ಲ’ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕನ್ನಡಕವನ್ನು ತಲೆಗೇರಿಸಿ, “ನೋವು ಇದೆಯೋ ಇಲ್ವೋ, ಅದನ್ನ ಹೇಳಿ” ಎಂದು ಗದರುತ್ತಿದ್ದರು.

ಮಂಡಿ ಆಪರೇಷನ್ ಆದಮೇಲೆ ಮಾತ್ರೆಯ ಜೊತೆಗೆ ಇದೂ ಇರಲಿ ಎಂದು ಅಮ್ಮನನ್ನು ಮಾದಿಹಳ್ಳಿಯಿಂದ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆವು. ನೋವು ಹೇಗಿದೆ ಎಂದು ಡಾಕ್ಟರಮ್ಮ ಕೇಳಿದರೆ ಅಮ್ಮ ಅಪ್ಪನ ಮುಖ ನೋಡಿ, “ಪರವಾಗಿಲ್ಲ ಕಣಮ್ಮ” ಎಂದಳು.

“ನಮ್ಮನೆಯೋಳು ಏನಿದ್ರೂ ತಡ್ಕೋತಾಳೆ” ಎಂದು ಅಪ್ಪ ಬೀಗಿದರು.

ಡಾಕ್ಟರಮ್ಮ ಕೈಲಿದ್ದ ಸೂಜಿಯನ್ನು ತಟ್ಟೆಗೆ ಎಸೆದರು. “ನಿಮ್ಮನ್ನ ಯಾರ್ರೀ ಕೇಳಿದ್ದು? ನಡೀರಿ ಆಚೆ!”

ಅಪ್ಪ ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

“ಈಗ ಹೇಳಿ.”

ಅಮ್ಮನ ದನಿ ಅಷ್ಟು ಗಡುಸಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಮಂಡೀದೊಂದೇ ಹೇಳ್ಲಾ ತಾಯಿ, ಎಲ್ಲಾನೂ ಹೇಳ್ಲಾ?”